ಸೀನನಿಗೊಂದು ಪತ್ರ: ನಿಮ್ಮ ಹಿತ್ತಿಲ ಹಕ್ಕಿ ಹೊರಟಿದೆ

ಪ್ರೀತಿಯ ಸೀನ,

ಏಪ್ರಿಲ್ ಅರ್ಧ ಮುಗಿಯಿತು. ಮೈಸೂರಿನಲ್ಲಿ ಬೆಳಗ್ಗೆ ಎಂಟಕ್ಕೇ ಬಿಸಿಲು ಕಣ್ಣು ಕುಕ್ಕುತ್ತದೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುವವರೆಲ್ಲ ಏಳೂವರೆಗೇ ಮನೆ ಸೇರುತ್ತಾರೆ. ಕರ್ನಲ್ ಮಾತ್ರ ಇನ್ನೂ ಇರುತ್ತಾರೆ. ಅದೇ ಛತ್ರಿ, ಅದೇ ಪ್ರಶ್ನೆ. ನಿನ್ನನ್ನು ಕೇಳಿದೆ ಅಂತ ಹೇಳಬೇಕಂತೆ.

ಚಳಿಗಾಲಕ್ಕೆ ಬಂದ ಹಕ್ಕಿಗಳು ಒಂದೊಂದಾಗಿ ಜಾಗ ಖಾಲಿ ಮಾಡುತ್ತಿವೆ. ಹದಿನಾರು ಎಂಬ ಊರಿನ ಕೆರೆಯ ಪಟ್ಟೆತಲೆ ಹೆಬ್ಬಾತುಗಳು ಮಾರ್ಚ್‌ನಲ್ಲೇ ಹೋದವು. ಜನವರಿಯಲ್ಲಿ ಬಂದಾಗ ನೀನೇ ನೋಡಿದೆಯಲ್ಲ, ರಾತ್ರಿಯೆಲ್ಲ ಗದ್ದೆಯಲ್ಲಿ ಮೇದು ಹಗಲು ಕೆರೆಯಲ್ಲಿ ತೂಕಡಿಸುತ್ತಿದ್ದವು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ನಮ್ಮ ಈ ಕೆರೆಯಲ್ಲಿ ಕಂಡಿವೆ. ಹಿಮಾಲಯ ದಾಟುವಾಗ ಇವು 7,000 ಮೀಟರಿಗೂ ಮೇಲೆ ಹಾರಿದ್ದನ್ನು ಉಪಗ್ರಹ ಟ್ಯಾಗ್ ಹಾಕಿ ಅಳೆದಿದ್ದಾರೆ. ಗುಲಾಬಿ ಕಬ್ಬಕ್ಕಿಗಳೂ ಬೂರುಗದ ಹೂವಿನ ರಸ ಕುಡಿದು ಮಧ್ಯ ಏಷ್ಯಾದ ದಾರಿ ಹಿಡಿದಿವೆ. ಅಲ್ಲಿ ಮಿಡತೆ ಜಾಸ್ತಿ ಆಗುವ ಹೊತ್ತಿಗೆ ಅವುಗಳ ಮರಿಗಳೂ ಹೊರಬರುತ್ತವೆ.

ಎಲ್ಲರೂ ಡಿಸೆಂಬರ್‌ನಲ್ಲಿ ಕ್ಯಾಮೆರಾ ಹಿಡಿದು ಬರುತ್ತಾರೆ. ನಿಜವಾಗಿ ನೋಡಬೇಕಾದದ್ದು ಈಗ. ಹಳದಿ ಸಿಪಿಲೆ ಚಳಿಗಾಲವೆಲ್ಲ ಮಾಸಿದ ಬಣ್ಣದಲ್ಲಿ ಓಡಾಡಿಕೊಂಡಿರುತ್ತದೆ. ಮಾರ್ಚ್ ಬಂತೆಂದರೆ ಹಳೇ ಪುಕ್ಕ ಉದುರಿಸಿ, ಎದೆಯಿಂದ ಹೊಟ್ಟೆವರೆಗೆ ಹೊಸ ಹಳದಿ ತುಂಬಿಕೊಳ್ಳುತ್ತದೆ. ಹಗಲು ಉದ್ದವಾಗುತ್ತಿರುವುದು ಅದರ ಮೈಗೆ ಗೊತ್ತಾಗುತ್ತದೆ. ಆಮೇಲೆ ಹಸಿವು ಹೆಚ್ಚುತ್ತದೆ, ಮೈಯಲ್ಲಿ ಕೊಬ್ಬು ಕೂಡುತ್ತದೆ, ಒಂದು ಕಡೆ ನಿಲ್ಲಲಾಗುವುದಿಲ್ಲ. ಸಿಂಗಾರ ಮುಗಿಯುವುದೂ ಹೊರಡುವುದೂ ಹೆಚ್ಚುಕಡಿಮೆ ಒಟ್ಟಿಗೇ.

ಈಗ ನಿಮ್ಮ ಸರಸ್ವತಿಪುರಂ ಮನೆಯ ಸುದ್ದಿ. ಹಿತ್ತಿಲ ರಸಪುರಿ ಮರದ ಹಕ್ಕಿಯೂ ಹೊರಡುವ ತಯಾರಿಯಲ್ಲಿದೆ. ಹಸಿರು ಉಲಿಯಕ್ಕಿ. ಹಕ್ಕಿ ನೋಡುವ ನಮ್ಮ ಗೆಳೆಯರೆಲ್ಲ ಗ್ರೀನಿಶ್ ವಾರ್ಬ್ಲರ್ ಅನ್ನುತ್ತಾರೆ. ತೂಕ ಎಂಟು ಗ್ರಾಂ ಆಸುಪಾಸು. ಎಲೆ ಬಣ್ಣದ ಮೈ, ಕಣ್ಣಿನ ಮೇಲೆ ತಿಳಿ ಹುಬ್ಬು, ರೆಕ್ಕೆಯಲ್ಲಿ ಸಣ್ಣದೊಂದು ಬಿಳಿ ಗೀರು. ಎಲೆಗಳ ನಡುವೆ ಕಣ್ಣಿಗೆ ಬೀಳುವುದು ಕಷ್ಟ. ಕಿವಿಗೆ ಮಾತ್ರ ದಿನಾ ಸಿಗುತ್ತದೆ. ‘ಚಿಸ್ಲೀ, ಚಿಸ್ಲೀ’ ಅಂತ. ದೊಡ್ಡ ಮರಗಳಿರುವ ನಮ್ಮೂರಿನ ಬೀದಿಗಳಲ್ಲೆಲ್ಲ ಚಳಿಗಾಲದಲ್ಲಿ ಈ ಕೂಗು ಇರುತ್ತದೆ. ಅಷ್ಟು ಸಣ್ಣ ದನಿಗೆ ಯಾರೂ ತಲೆ ಎತ್ತುವುದಿಲ್ಲ.

ಇದು ಗುಂಪು ಕಟ್ಟಿಕೊಂಡು ಇರುವ ಹಕ್ಕಿಯಲ್ಲ. ಸೆಪ್ಟೆಂಬರ್ ಹೊತ್ತಿಗೆ ಬಂದು ಒಂದಿಷ್ಟು ಮರಗಳನ್ನು ತನ್ನದು ಮಾಡಿಕೊಳ್ಳುತ್ತದೆ. ಇನ್ನೊಂದು ಉಲಿಯಕ್ಕಿ ಬಂದರೆ ಅಟ್ಟುತ್ತದೆ. ದಿನವಿಡೀ ಕೂಗುವುದೂ ಅದಕ್ಕೇ. ಕಾಲಿಗೆ ಬಣ್ಣದ ಬಳೆ ಹಾಕಿ ಗುರುತಿಟ್ಟವರು, ಮುಂದಿನ ಚಳಿಗಾಲಕ್ಕೆ ಅದೇ ಹಕ್ಕಿ ಅದೇ ಜಾಗಕ್ಕೆ ವಾಪಸ್ ಬಂದದ್ದನ್ನು ಕಂಡಿದ್ದಾರೆ. ಸಾವಿರಾರು ಕಿಲೋಮೀಟರ್ ರಾತ್ರಿ ಹೊತ್ತು ಹಾರಿಕೊಂಡು ಬಂದು ಒಂದು ಮರ ಹುಡುಕುತ್ತದೆ ಕಣೋ! ನಿಮ್ಮ ಹಿತ್ತಿಲ ಹಕ್ಕಿಯ ಕಾಲಿಗೆ ಬಳೆ ಇಲ್ಲ. ಆದರೂ ಪ್ರತಿ ವರ್ಷ ಬಾವಿ ಕಡೆಗೆ ಚಾಚಿದ ಆ ಕೊಂಬೆಯಿಂದಲೇ ಕೂಗು ಶುರುವಾಗುತ್ತದೆ. ನನ್ನ ಮಟ್ಟಿಗೆ ಅದು ಅದೇ ಹಕ್ಕಿ.

ಇನ್ನೊಂದು ವಿಷಯ ಕೇಳಿದರೆ ನಿನಗೆ ಖುಷಿ ಆಗುತ್ತದೆ. ಇದೇ ಜಾತಿಯ ಹಕ್ಕಿ ನೀನಿರುವ ಫಿನ್ಲೆಂಡಿನ ಕಾಡಿನಲ್ಲೂ ಗೂಡು ಕಟ್ಟುತ್ತದೆ. ಮೇ ಕೊನೆಗೆ ಅಲ್ಲಿಗೆ ತಲುಪುತ್ತದೆ. ಯುರೋಪಿನ ಇಂಥ ಸಣ್ಣ ಹಕ್ಕಿಗಳಲ್ಲಿ ಹೆಚ್ಚಿನವು ಚಳಿಗಾಲಕ್ಕೆ ಆಫ್ರಿಕದ ಕಡೆ ಹೋಗುತ್ತವೆ. ಇದು ಮಾತ್ರ ಪೂರ್ವಕ್ಕೆ ತಿರುಗಿ ನಮ್ಮ ದೇಶಕ್ಕೆ ಬರುತ್ತದೆ. ಇದೇ ಜಾತಿಯ ಉಳಿದ ಹಕ್ಕಿಗಳು ಗೂಡು ಕಟ್ಟುವುದು ಸೈಬೀರಿಯಾದಲ್ಲಿ, ಹಿಮಾಲಯದಲ್ಲಿ. ಎಲ್ಲಿ ಕಟ್ಟಿದರೂ ಅಲ್ಲಿ ಇರುವುದು ಬೇಸಿಗೆಯ ಕೆಲವು ತಿಂಗಳು. ವರ್ಷದ ಹೆಚ್ಚು ಪಾಲು ಬದುಕುವುದು ಇಲ್ಲಿ, ನಮ್ಮ ಮಾವು, ಹುಣಸೆ, ಹೊಂಗೆ ಮರಗಳ ಹುಳು ತಿಂದು. ಅಲ್ಲಿನ ಕಾಡು ಅದಕ್ಕೆ ಎಷ್ಟು ಬೇಕೋ, ನಿಮ್ಮ ಹಿತ್ತಿಲೂ ಅಷ್ಟೇ ಬೇಕು.

ಹೋದ ವಾರ ಬ್ರೋಕರ್ ಒಬ್ಬರು ಮನೆ ನೋಡಲು ಬಂದಿದ್ದರು. ನೀನೇ ಕಳಿಸಿದ್ದು ಅಂದರು. ಬಾಗಿಲು ತೆಗೆದು ತೋರಿಸಿದೆ. ಒಳಗೆ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಹಿತ್ತಿಲಿಗೆ ಬಂದು ಟೇಪು ಹಿಡಿದು ಅಳೆದರು. ‘ಅರವತ್ತು ನಲವತ್ತು ಸೈಟು ಸಾರ್, ಮರ ತೆಗೆಸಿದರೆ ಪೂರ್ತಿ ಕಟ್ಟಬಹುದು’ ಅಂದರು. ಹಕ್ಕಿ ಆಗಲೂ ಕೂಗುತ್ತಲೇ ಇತ್ತು.

ನಿನಗೆ ಸಾಲ ಇದೆ, ಮಕ್ಕಳ ಓದು ಇದೆ, ಇಷ್ಟು ದೂರದ ಮನೆ ನೋಡಿಕೊಳ್ಳುವುದು ಕಷ್ಟ. ಎಲ್ಲ ಗೊತ್ತು. ನಿಮ್ಮಮ್ಮ ಹೋದ ಮೇಲೆ ಆ ಮನೆಯಲ್ಲಿ ದೀಪ ಹಚ್ಚುವವರೂ ಇಲ್ಲ. ಹಾಗಾಗಿ ಹಕ್ಕಿಯ ಹೆಸರು ಹೇಳಿ ಮನೆ ಮಾರಬೇಡ ಅಂತ ನಾನು ಕೇಳಲಾರೆ. ನನಗೋಸ್ಕರ ಕೇಳುತ್ತಿದ್ದೇನೆ.

ಗಿಡಕ್ಕೆ ನೀರು ಹಾಕಲು ಹೋಗುತ್ತೇನೆ ಅಂತ ನಿನಗೆ ಹೇಳುತ್ತೇನಲ್ಲ, ಅದಕ್ಕೆ ಹತ್ತು ನಿಮಿಷ ಸಾಕು. ಉಳಿದ ಹೊತ್ತು ಬಾವಿಕಟ್ಟೆ ಮೇಲೆ ಸುಮ್ನೆ ಕೂತಿರುತ್ತೇನೆ. ಅಪ್ಪ ತೀರಿಕೊಂಡಾಗ ನಮ್ಮ ಮನೆ ತುಂಬ ಜನ. ದೊಡ್ಡ ಮಗ ನಾನೇ. ತಿಥಿ, ಊಟ, ಬ್ಯಾಂಕು, ತಮ್ಮಂದಿರ ಜಗಳ, ಎಲ್ಲ ನನ್ನ ತಲೆ ಮೇಲೆ. ಅಳಲಿಕ್ಕೂ ಒಂದು ಜಾಗ ಬೇಕಾಗುತ್ತದೆ ಅಂತ ಆಗ ಗೊತ್ತಾಯಿತು. ಹದಿನೈದು ದಿನ ಕಳೆದ ಮೇಲೆ ನಿಮ್ಮ ಬೀಗ ತೆಗೆದು ಹಿತ್ತಿಲಿಗೆ ಹೋದೆ. ಅಲ್ಲೇ ಅತ್ತೆ. ನನ್ನ ಹೆಂಡತಿಗೂ ಇದು ಗೊತ್ತಿಲ್ಲ. ಈಗ ಎಲ್ಲರೂ ಓದುವ ಈ ಪತ್ರ ಓದಿ ತಿಳಿಯುತ್ತದೆ. ತಿಳಿಯಲಿ. ಈ ಊರಿನಲ್ಲಿ ನನ್ನನ್ನು ಯಾರೂ ಏನೂ ಕೇಳದ ಜಾಗ ಅದೊಂದೇ ಉಳಿದಿದೆ. ಅದು ಹೋಗುತ್ತದೆ ಅಂದಾಗ ನನಗೆ ಭಯ ಆಯಿತು.

ಮಾರಲೇಬೇಕಾದರೆ ಮಾರು. ಆದರೆ ಮರ ಉಳಿಸಿಕೊಳ್ಳುವವರಿಗೆ ಕೊಡು, ನಾಲ್ಕು ಕಾಸು ಕಮ್ಮಿ ಆದರೂ. ಅಂಥವರನ್ನು ಹುಡುಕುವ ಕೆಲಸ ನನಗೆ ಬಿಡು. ಸೆಪ್ಟೆಂಬರ್‌ವರೆಗೆ ಸಮಯ ಕೊಡು, ಅಷ್ಟೇ.

ಸರಿ, ಇರಲಿ. ರಸಪುರಿ ಈ ಸಲ ಚೆನ್ನಾಗಿ ಕಾಯಿ ಕಚ್ಚಿದೆ. ಮೇ ತಿಂಗಳಲ್ಲಿ ಸೀಕರಣೆ ಮಾಡಿ ನಿನಗೆ ಫೋಟೋ ಕಳಿಸುತ್ತೇನೆ, ಹೊಟ್ಟೆ ಉರಿದುಕೋ. ಮಕ್ಕಳನ್ನು ಕರೆದುಕೊಂಡು ಅಲ್ಲಿನ ಕಾಡಿಗೆ ಒಮ್ಮೆ ಹೋಗು. ಉಲಿಯಕ್ಕಿ ಇಲ್ಲಿ ಹೆಚ್ಚಾಗಿ ಕೂಗುತ್ತದಷ್ಟೇ, ಅಲ್ಲಿ ಗಂಡು ಹಕ್ಕಿ ಪೂರ್ತಿ ಹಾಡುತ್ತದೆ. ಕೇಳಿಸಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸು. ಮನೆ ವಿಷಯಕ್ಕೆ ಮಾತ್ರ ಇಲ್ಲಿ ಉತ್ತರ ಬರೆಯಬೇಡ, ಭಾನುವಾರ ಫೋನ್ ಮಾಡು.

ನಿನ್ನ
ಪುಟ್ಟ