ಕಾಗದ ಕೈಗೆ ಬಂತು, ಕೆಲವರಿಗೆ ಥ್ಯಾಂಕ್ಸ್ ಹೇಳಬೇಕು

ಕಳೆದ ಮಂಗಳವಾರ ಮಡಿಕೇರಿಯಿಂದ ಆ ಕಾಗದ ಕೈಗೆ ಬಂತು. ನಾನೂ ನಮ್ಮವರೂ ಈಗ ಕಾನೂನಿನ ಲೆಕ್ಕದಲ್ಲೂ ನಮ್ಮ ಮಗ ಪುಟ್ಟನ ಪೋಷಕರು, ಅಂದರೆ ಲೀಗಲ್ ಗಾರ್ಡಿಯನ್. ಹದಿನೆಂಟು ವರ್ಷ ಸಾಕಿದ ಮೇಲೆ ಇದೇನು ಹೊಸದಾಗಿ ಅಂತ ನಗಬೇಡಿ. ನಾವೂ ಮೊದಲು ನಕ್ಕವರೇ. ಅವನಿಗೆ 18 ತುಂಬಿದ ಮೇಲೆ ಬ್ಯಾಂಕಿಗೆ ಹೋದಾಗ ಕೌಂಟರಿನವರು "ಇನ್ನು ಮೇಲೆ ಅವರೇ ಸೈನ್ ಹಾಕಬೇಕು ಮೇಡಂ" ಅಂದರು. ಪುಟ್ಟ ಪಕ್ಕದಲ್ಲೇ ನಿಂತು ಟೋಕನ್ ಬೋರ್ಡಿನ ಕೆಂಪು ಅಂಕಿ ಬದಲಾಗುವುದನ್ನೇ ನೋಡುತ್ತಿದ್ದ. ನಾನು ಅವನ ಅಮ್ಮ ಅಂದೆ. ಅದು ಸಾಲಲ್ಲ ಅಂತ ಗೊತ್ತಾಗಿದ್ದು ಆವತ್ತೇ.

ಪುಟ್ಟನ ಕತೆ ನಿಮಗೆಲ್ಲ ಗೊತ್ತು, ಮತ್ತೆ ಹೇಳಲ್ಲ. ನಮ್ಮ ಹಿಂದೆ ಬರುತ್ತಿರುವ ಅಪ್ಪ ಅಮ್ಮಂದಿರಿಗೆ ಮಾತ್ರ ಒಂದು ಮಾತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಒಂದಕ್ಕಿಂತ ಜಾಸ್ತಿ ವೈಕಲ್ಯ ಇರುವ, ನಮ್ಮ ಪುಟ್ಟನಂಥ ಮಕ್ಕಳಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅಂತ ಒಂದಿದೆ. 18 ದಾಟಿದ ಮೇಲೆ ಅದರ ಪ್ರಕಾರ ಪೋಷಕರನ್ನು ನೇಮಿಸುವುದು ಜಿಲ್ಲೆಯ ಸ್ಥಳೀಯ ಸಮಿತಿ. ಅದರಲ್ಲಿ ಜಿಲ್ಲಾಧಿಕಾರಿ ಇರುತ್ತಾರೆ, ಟ್ರಸ್ಟಿನಲ್ಲಿ ನೋಂದಣಿಯಾದ ಸಂಸ್ಥೆಯ ಒಬ್ಬರು ಇರುತ್ತಾರೆ, ಅಂಗವೈಕಲ್ಯ ಇರುವವರೊಬ್ಬರು ಇರುತ್ತಾರೆ. ಆ ಮೂರನೆಯವರು ಪುಟ್ಟನ ಜೊತೆ ನೇರವಾಗಿ ಮಾತಾಡಿದರು, ನನ್ನ ಮುಖ ನೋಡಿ ಅಲ್ಲ. ಕಾಗದಗಳನ್ನು ಹುಟ್ಟುಹಬ್ಬಕ್ಕೆ ಮೊದಲೇ ಜೋಡಿಸಿಟ್ಟುಕೊಳ್ಳಿ. ನಾವು ತಡ ಮಾಡಿ ಒದ್ದಾಡಿದೆವು.

ಈಗ ಥ್ಯಾಂಕ್ಸ್. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಅವನಿಗೆ ಮಾತು ಕಲಿಸಿದ ಮೇಡಂಗಳಿಗೆ, 120 ಕಿಲೋಮೀಟರ್ ದಾರಿಯಲ್ಲಿ ಅವನಿಗೆ ಮುಂದಿನ ಕಿಟಕಿ ಸೀಟು ಬಿಟ್ಟುಕೊಡುತ್ತಿದ್ದ ಬಸ್ಸಿನ ಕಂಡಕ್ಟರ್‌ಗಳಿಗೆ, ಕ್ಷೌರದಂಗಡಿಯಲ್ಲಿ ಮಿಷಿನ್ ಆಫ್ ಮಾಡಿ ಕತ್ತರಿಯಲ್ಲೇ ಮುಗಿಸುವ ಅಣ್ಣನಿಗೆ, ಆಶಾ ಅಕ್ಕನಿಗೆ, ನಮ್ಮ ಲೈನ್‌ಮನೆಯ (ತೋಟದ ಕೆಲಸದವರ ಸಾಲುಮನೆ) ಹೆಂಗಸರಿಗೆ. "ನಿಮ್ಮ ನಂತರ ಯಾರು?" ಅಂತ ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ "ನಾನಿದ್ದೇನೆ" ಅಂದ ನನ್ನ ತಂಗಿಗೆ. ಅವಳಿಗೆ ಥ್ಯಾಂಕ್ಸ್ ಅಂದರೆ ಬೈತಾಳೆ, ಇಷ್ಟಕ್ಕೇ ಬಿಡುತ್ತೇನೆ.

ಉಳಿದಿದ್ದೆಲ್ಲ ಜೀಪ್ ಕಾಕನಿಗೆ.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಆ ಮಳೆ ನಮ್ಮ ಕಡೆಯವರಿಗೆ ಹೇಳಿ ತಿಳಿಸಬೇಕಾಗಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಜೋಡುಪಾಲ ಅಂತ ಒಂದೊಂದೇ ಊರಿನ ಹೆಸರು ಕಿವಿಗೆ ಬೀಳುತ್ತಿತ್ತು. ನಮ್ಮನ್ನು ಸಂಜೆ ಹೊತ್ತಿಗೆ ಒಂದು ಗಂಜಿ ಕೇಂದ್ರಕ್ಕೆ ತಂದು ಬಿಟ್ಟರು. ನಮ್ಮವರು ಹಸುಗಳ ಹಗ್ಗ ಬಿಚ್ಚಲು ಹಿಂದೆ ಉಳಿದವರು, ಫೋನ್ ಇಲ್ಲ, ಕರೆಂಟ್ ಇಲ್ಲ. ಪುಟ್ಟನಿಗೆ ಆಗ ಹನ್ನೊಂದು ವರ್ಷ.

ಮನೆಯಲ್ಲಿ ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಳ್ಳುವ ಹುಡುಗ ಅವನು. ಅಲ್ಲಿ ಜನರೇಟರ್, ಮೈಕಲ್ಲಿ ಕೂಗುವ ಹೆಸರುಗಳು, ಮಕ್ಕಳ ಅಳು, ಒದ್ದೆ ಕಂಬಳಿ ವಾಸನೆ. ಕಿರುಚಲು ಶುರು ಮಾಡಿದವನು ಎರಡು ಗಂಟೆ ನಿಲ್ಲಿಸಲಿಲ್ಲ. ಮನೆ ಕಳೆದುಕೊಂಡು ಬಂದವರು ಸುತ್ತ ಮಲಗಿದ್ದರು. ಅವರಿಗಾದರೂ ಎಷ್ಟು ತಾಳ್ಮೆ ಇರುತ್ತದೆ? ಒಬ್ಬರು "ಒಂದು ಕೊಡಿ, ಸುಮ್ನಾಗ್ತಾನೆ" ಅಂದರು.

ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ನಾನು ಹೊಡೆದೆ. ಎರಡು ಸಲ, ಕೆನ್ನೆಗೆ. ಸುತ್ತ ಇದ್ದವರಿಗೆ ಕಾಣಲಿ ಅಂತಲೇ ಹೊಡೆದೆ. ಅವನು ಇನ್ನೂ ಜೋರಾಗಿ ಕಿರುಚಿ ತನ್ನ ಕೈಯನ್ನೇ ಕಚ್ಚಿಕೊಂಡ. ಇವನೊಬ್ಬ ಇಲ್ಲದಿದ್ದರೆ ಅಂತ ಒಂದು ಯೋಚನೆ ಬಂತು. ಪೂರ್ತಿ ಬರೆಯಲು ಆಗುತ್ತಿಲ್ಲ.

ಎಲ್ಲಿಂದಲೋ ಜನರನ್ನು ತಂದು ಇಳಿಸಿ ಬಾಗಿಲಲ್ಲಿ ನಿಂತಿದ್ದ ಕಾಕ ಆಗ ಒಳಗೆ ಬಂದರು. ಗುರುತು ಪರಿಚಯ ಇಲ್ಲ. ಲುಂಗಿ ಮೊಣಕಾಲವರೆಗೆ ಕೆಸರು. "ಬಾ ಮೋನೇ, ಜೀಪ್ ನೋಡುವ" ಅಂದರು, ಅಷ್ಟೇ. ಇವನಿಗೇನು, ಹುಟ್ಟಿನಿಂದಲೇ ಹೀಗಾ, ಯಾವ ಡಾಕ್ಟರಿಗೆ ತೋರಿಸಿದಿರಿ, ಒಂದೂ ಕೇಳಲಿಲ್ಲ. ಮುಂದಿನ ಸೀಟಲ್ಲಿ ಕೂರಿಸಿ ಬಾಗಿಲಿನ ಪರದೆ ಎಳೆದು ವೈಪರ್ ಹಾಕಿದರು.

ಪುಟ್ಟನ ಕಣ್ಣು ಅದರ ಜೊತೆ ಹೋಯಿತು. ಆ ಕಡೆ, ಈ ಕಡೆ. ಮಳೆ ತಾರ್ಪಾಲಿನ ಮೇಲೆ ಬಡಿಯುತ್ತಿತ್ತು, ಆ ಸದ್ದು ಮಾತ್ರ ಅವನಿಗೆ ಯಾಕೋ ಅಡ್ಡಿಯಾಗಲಿಲ್ಲ. ಹತ್ತು ನಿಮಿಷದಲ್ಲಿ ಕಿರುಚಾಟ ಮುಲುಕಾಟವಾಯಿತು. ಆಮೇಲೆ ಅದೂ ನಿಂತಿತು. ವೈಪರ್ ನಿಲ್ಲಿಸಿದರೆ ಮತ್ತೆ ಶುರು. ಹಾಗಾಗಿ ಕಾಕ ನಿಲ್ಲಿಸಲೇ ಇಲ್ಲ. "ನೀನು ಹಿಂದೆ ಮಲಗು ಮೋಳೇ" ಅಂದರು. ನಾನು ಹಿಂದಿನ ಸೀಟಲ್ಲಿ ಒದ್ದೆ ಸೀರೆಯಲ್ಲೇ ಮುದುಡಿಕೊಂಡೆ.

ಬೆಳಗಿನ ಜಾವ ಎಚ್ಚರವಾದಾಗ ಜೀಪ್ ಕತ್ತಲಾಗಿತ್ತು. ಬ್ಯಾಟರಿ ಸತ್ತಿತ್ತು. ಆದರೂ ವೈಪರ್ ಓಡುತ್ತಿತ್ತು. ಕೆಲವು ಹಳೇ ಜೀಪಿನಲ್ಲಿ ಗಾಜಿನ ಒಳಗಡೆ ಒಂದು ಸಣ್ಣ ಹಿಡಿ ಇರುತ್ತದೆ. ಕಾಕ ಬಗ್ಗಿ ಕೂತು ಅದನ್ನು ಕೈಯಲ್ಲಿ ಆಡಿಸುತ್ತಿದ್ದರು. ಆ ಕಡೆ, ಈ ಕಡೆ. ಕೈ ಸೋತರೆ ಇನ್ನೊಂದು ಕೈ. ಪುಟ್ಟ ಅವರ ತೋಳಿಗೆ ಒರಗಿದ್ದ. ಅಪರಿಚಿತರನ್ನು ಮುಟ್ಟುವ ಹುಡುಗನೇ ಅಲ್ಲ ಅವನು. ನಾನು ಎದ್ದಿದ್ದು ಗೊತ್ತಾಗಿಯೂ ಕಾಕ ತಿರುಗಲಿಲ್ಲ, ಎಡಗೈಯಲ್ಲಿ ಸುಮ್ನೆ ಮಲಗು ಅಂತ ಸನ್ನೆ ಮಾಡಿದರು.

ಬೆಳಗಾದ ಮೇಲೆ ನಾಲ್ಕು ಜನ ಸೇರಿ ಜೀಪ್ ತಳ್ಳಿ ಸ್ಟಾರ್ಟ್ ಮಾಡಿದರು. ಹೆಸರು ಕೇಳುವಷ್ಟರಲ್ಲಿ ಕಾಕ ಹೊರಟಾಗಿತ್ತು. ಮಧ್ಯಾಹ್ನ ನಮ್ಮವರು ನಡೆದುಕೊಂಡೇ ಬಂದು ಸೇರಿದರು. ಕಾಕನ ಮನೆ ಹಿಂದಿನ ಬರೆ (ಮಣ್ಣಿನ ದಿಬ್ಬ) ಅದೇ ರಾತ್ರಿ ಜಾರಿ ಅಡುಗೆಮನೆ ಹೋಗಿತ್ತು ಅಂತ ಗೊತ್ತಾಗಿದ್ದು ತಿಂಗಳ ಮೇಲೆ, ಸಂತೆಯಲ್ಲಿ ಸಿಕ್ಕಾಗ. ಅದನ್ನೂ ಅವರು ಹೇಳಿದ್ದಲ್ಲ, ಜೊತೆಯಲ್ಲಿದ್ದವರು ಹೇಳಿದ್ದು.

ಆಮೇಲೆ ಒಂದು ಸತ್ಯ ಹೇಳಬೇಕು. ನಾನು ಪುಟ್ಟನನ್ನು ಸುಮ್ಮನಾಗಿಸುವುದನ್ನು ಬಿಟ್ಟೆ. ಮೊದಲು ಅವನು ಏನು ನೋಡುತ್ತಿದ್ದಾನೆ ಅಂತ ನೋಡುತ್ತೇನೆ. ಯಾವಾಗಲೂ ಆಗುತ್ತದೆ ಅಂತಲ್ಲ. ಹೋದ ವಾರವೂ ರೇಗಿದ್ದೇನೆ. ಸಮಿತಿಯ ರೂಮಿನಲ್ಲಿ ಅವನು ಫ್ಯಾನ್ ನೋಡುತ್ತ ಕೂತಿದ್ದಾಗ "ಇಲ್ಲಿ ನೋಡು" ಅಂತ ಗಲ್ಲ ಹಿಡಿದು ತಿರುಗಿಸಲಿಲ್ಲ, ಅಷ್ಟು ಮಾತ್ರ ಕಲಿತಿದ್ದೇನೆ.

ಕಾಕ, ಕಾಗದ ಬಂದ ದಿನ ನಿಮಗೆ ಫೋನ್ ಮಾಡಿದೆ, ರೇಂಜ್ ಇರಲಿಲ್ಲ. ನಿಮ್ಮ ಮಗಳು ಇದನ್ನು ಓದಿ ಹೇಳುತ್ತಾಳೆ ಅಂತ ಗೊತ್ತು. ಭಾನುವಾರ ಊಟಕ್ಕೆ ಬನ್ನಿ, ಮನೆಯವರನ್ನೂ ಕರೆದುಕೊಂಡು ಬನ್ನಿ. ಅಳಿಯನ ಕಾರಲ್ಲಿ ಬೇಡ, ಜೀಪಲ್ಲೇ ಬನ್ನಿ. ಹೋದ ಸಲ ಪುಟ್ಟ ವೈಪರ್ ಎತ್ತಿ ಎತ್ತಿ ರಬ್ಬರ್ ಕಿತ್ತಿದ್ದ ಅಲ್ವಾ, ಕುಶಾಲನಗರದಿಂದ ಹೊಸ ಜೊತೆ ತಂದಿಟ್ಟಿದ್ದೇನೆ.