ಪೋಷಕರಿಗೆ ಪತ್ರ: ನಿಮ್ಮ ಮನೆಯ ಕಥೆ ಮಕ್ಕಳಿಗೆ ಹೇಳಿ

ಪ್ರಿಯ ಪೋಷಕರೇ,

ನಮಸ್ಕಾರ. ಕಳೆದ ವಾರ ಒಂಬತ್ತನೇ ತರಗತಿಯ ಕನ್ನಡ ಉತ್ತರ ಪತ್ರಿಕೆಗಳನ್ನು ನೋಡುತ್ತಿದ್ದೆ. ಕವಿ ಪರಿಚಯದಲ್ಲಿ ಎಷ್ಟೋ ಮಕ್ಕಳದ್ದು ಒಂದೇ ಸಾಲು: ‘ಇವರು ಬಡ ಕುಟುಂಬದಲ್ಲಿ ಹುಟ್ಟಿ ಕಷ್ಟಪಟ್ಟು ಓದಿದರು.’ ಯಾವ ಕವಿಯಾದರೂ ಅದೇ ಸಾಲು.

ತರಗತಿಗೆ ಹೋಗಿ, ‘ಕಷ್ಟ ಅಂದ್ರೆ ಏನು ಕಷ್ಟ?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ‘ನಮ್ಮಜ್ಜಿ ಊದುಬತ್ತಿ ಹೊಸೀತಿದ್ರು ಮಿಸ್. ಸಾವಿರ ಕಡ್ಡಿಗೆ ಇಷ್ಟು ಅಂತ ಕೊಡ್ತಿದ್ರಂತೆ. ಬಿಟ್ಟು ಎಷ್ಟೋ ವರ್ಷ ಆಯ್ತು. ಈಗಲೂ ಊಟಕ್ಕೆ ಮುಂಚೆ ಎರಡು ಸಲ ಸೋಪು ಹಾಕಿ ಕೈ ತೊಳೀತಾರೆ.’

ಅವತ್ತಿನ ಪಾಠ ಅಲ್ಲಿಂದ ಶುರುವಾಯಿತು. ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯ ಒಂದು ಸಂಗತಿ ಹೇಳಿದೆ. ಮಾಗಡಿ ಕಡೆಯ ಮಂಚನಬೆಲೆಯಲ್ಲಿ, ಹೊಲ ಉಳಲು ಎತ್ತಿನ ಬದಲು ಇಬ್ಬರು ಮನುಷ್ಯರ ಹೆಗಲಿಗೆ ನೊಗ ಹೂಡಿದ್ದರು. ಅವರಲ್ಲಿ ಒಬ್ಬರು ಹುಡುಗ ಸಿದ್ಧಲಿಂಗಯ್ಯನ ಅಪ್ಪ. ಅದನ್ನು ಕಣ್ಣಾರೆ ನೋಡಿದ ಹುಡುಗ ಮುಂದೆ ನಮ್ಮ ಶ್ರೀರಾಂಪುರದಲ್ಲಿ ಬೆಳೆದು, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾದರು. ಅವರ ಪದ್ಯಗಳಲ್ಲಿ ಅಷ್ಟೊಂದು ಸಿಟ್ಟು ಯಾಕೆ ಅಂತ ಆಮೇಲೆ ಯಾವ ಮಗುವೂ ಕೇಳಲಿಲ್ಲ.

ಕಷ್ಟ ಬಂದರೆ ಮನುಷ್ಯ ತಾನಾಗಿ ದೊಡ್ಡವನಾಗುತ್ತಾನೆ ಅನ್ನೋದನ್ನು ಮಾತ್ರ ನಾನು ಒಪ್ಪುವುದಿಲ್ಲ. ಕಷ್ಟಕ್ಕೆ ಸಿಕ್ಕಿ ಅರ್ಧಕ್ಕೇ ಸ್ಕೂಲು ಬಿಟ್ಟ ಜಾಣ ಮಕ್ಕಳನ್ನು ಕಂಡಿದ್ದೇನೆ. ಅವರ ಮುಖ ಇನ್ನೂ ನೆನಪಿದೆ. ಆ ಹೊತ್ತಿನಲ್ಲಿ ಜೊತೆಗೆ ಯಾರಿದ್ದರು ಅನ್ನೋದನ್ನೂ ಕೇಳಬೇಕು, ಅಲ್ವಾ? ಬೇಂದ್ರೆಯವರು ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಅವರ ಕಾವ್ಯನಾಮ ಅಂಬಿಕಾತನಯದತ್ತ, ಅಂದರೆ ಅಂಬಿಕೆಯ ಮಗ ದತ್ತ. ಬರೆದ ಪದ್ಯಕ್ಕೆಲ್ಲ ಅಮ್ಮನ ಹೆಸರೇ ಸಹಿ!

‘ನಮ್ಮನೇಲಿ ಕನ್ನಡ ಮಾತಾಡಲ್ಲ ಮಿಸ್’ ಅಂತ ಕೆಲವು ಮಕ್ಕಳು ಸಂಕೋಚ ಪಡುತ್ತಾರೆ. ಬೇಂದ್ರೆಯವರ ಮನೆಮಾತು ಮರಾಠಿ. ನಮ್ಮ ಗವಿಪುರದಲ್ಲಿದ್ದ ಮಾಸ್ತಿಯವರದ್ದು ತಮಿಳು. ಇಬ್ಬರಿಗೂ ಜ್ಞಾನಪೀಠ ಬಂದದ್ದು ಕನ್ನಡಕ್ಕೆ.

ಈಗ ನಿಮ್ಮಲ್ಲೊಂದು ಕೇಳಿಕೆ. ಈ ತಿಂಗಳು ಪ್ರತಿ ಮಗುವೂ ಮನೆಯ ಒಬ್ಬ ಹಿರಿಯರ ಬಗ್ಗೆ ಎರಡು ಪುಟ ಬರೆಯಬೇಕು. ಒಂದು ಸಂಜೆ ಟಿವಿ ಆರಿಸಿ, ಅರ್ಧ ಗಂಟೆ ಅವರ ಜೊತೆ ಕೂತುಕೊಳ್ಳಿ. ಯಾವ ಊರಿಂದ ಬಂದಿರಿ, ಮೊದಲು ಯಾವ ಕೆಲಸ ಮಾಡಿದಿರಿ, ಬಾಡಿಗೆ ಹೇಗೆ ಹೊಂದಿಸಿದಿರಿ, ಯಾವ ಭಾಷೆಯಲ್ಲಾದರೂ ಹೇಳಿ. ಗಾರ್ಮೆಂಟ್ಸ್ ಕೆಲಸವೋ ಆಟೋ ಓಡಿಸುವುದೋ, ಮುಚ್ಚಿಡಬೇಡಿ. ಹೇಳಲು ಮನಸ್ಸಿಲ್ಲದ ನೋವಿದ್ದರೆ ಅದು ನಿಮ್ಮಲ್ಲೇ ಇರಲಿ, ನಾವು ಕೆದಕುವುದಿಲ್ಲ. ಮತ್ತೆ, ದಯವಿಟ್ಟು ನೀವೇ ಬರೆದುಕೊಡಬೇಡಿ. ತಪ್ಪಿದ್ದರೂ ಮಗುವಿನ ಅಕ್ಷರವೇ ಬೇಕು.

ತಿಂಗಳ ಕೊನೆಯ ಶನಿವಾರ ಮಕ್ಕಳು ಅದನ್ನು ತರಗತಿಯಲ್ಲಿ ಓದುತ್ತಾರೆ. ಅಜ್ಜ ಅಜ್ಜಿಯರನ್ನು ಕರೆದುಕೊಂಡು ಬನ್ನಿ. ಮೆಟ್ಟಿಲು ಹತ್ತೋದು ಕಷ್ಟ ಆಗಬಾರದೆಂದು ಕೆಳಗಿನ ಕೊಠಡಿಯಲ್ಲೇ ಕುರ್ಚಿ ಹಾಕಿಸುತ್ತೇನೆ.

ನಿಮ್ಮ ವಿಶ್ವಾಸದ,
ಮುಖ್ಯೋಪಾಧ್ಯಾಯಿನಿ
ಬೆಂಗಳೂರು