ನೇಪಾಳದ ಬುಟವಲ್‌ನಾಗಿರೋ ದೋಸ್ತಗ ಒಂದು ದಿವಾಳಿ ಪತ್ರ

ದೋಸ್ತ,

ಹೆಂಗಿದ್ದಿ? ನಿಮ್ಮವ್ವಗ, ಅಂದ್ರ ಆಮಾಗ, ಮೊಣಕಾಲು ನೋವು ಕಮ್ಮಿ ಆಗ್ಯಾದೇನು? ಫೋನಿನಾಗ ಹ್ಯಾಪಿ ದಿವಾಳಿ ಅಂತ ಒಂದು ಫೋಟೋ ಕಳಿಸಿ ಸುಮ್ಮನಾಗ್ಲಾಕ ಮನಸ್ಸು ಬರ್ಲಿಲ್ಲ, ನೀ ಕನ್ನಡ ಓದೋದು ಇನ್ನೂ ಮರ್ತಿಲ್ಲ ಅಂದಿದ್ದಿ, ಅದಕ್ಕ ಉದ್ದಕ ಬರೀಲತ್ತೀನಿ. ಎಲ್ಲಾರೂ ಓದ್ಲಿ ಅಂತ ಓಪನ್ನಾಗೇ ಹಾಕೀನಿ, ಓಣಿಯವರು ಇನ್ನೂ ನಿಮ್ಮ ಮನಿಯವರನ್ನ ಕೇಳ್ತಿರ್ತಾರ.

ಕಲಬುರಗಿಯಾಗ ಹಬ್ಬ ಜೋರದ. ಸೂಪರ್ ಮಾರ್ಕೆಟ್‌ನಾಗ ಕಾಲಿಡ್ಲಾಕ ಜಾಗಿಲ್ಲ, ಎಲ್ಲಿ ನೋಡಿದ್ರೂ ಚೆಂಡು ಹೂವಿನ ರಾಶಿ, ಆಕಾಶಬುಟ್ಟಿ, ಬಾಳಿಕಂಬ. ಅವ್ವ ಶೇಂಗಾ ಹೋಳಿಗಿ, ಕರ್ಚಿಕಾಯಿ, ಚೂಡಾ ಎಲ್ಲಾ ಮಾಡ್ಯಾಳ. ಪಾಡ್ಯದ ದಿನ ಸಗಣಿ ಪಾಂಡವರನ್ನ ಮಾಡಿ ಮ್ಯಾಲ ಚೆಂಡು ಹೂ ಸಿಗಿಸಿ ಬಾಗಲಿಗಿ ಇಡ್ತಾಳಲ್ಲ, ಅದನ್ನ ನೋಡ್ದಾಗೆಲ್ಲಾ ನಿಮ್ಮ ಆಮಾನೇ ನೆನಪಾಗ್ತಾರ.

ನರಕ ಚತುರ್ದಶಿ ದಿನ ನಸುಕಿನಾಗ ನಾವು ಎಣ್ಣಿ ಹಚ್ಚಿ ಎರಕೊಂಡು, ಆರತಿ ಮಾಡಿಸ್ಕೊಂಡು ಹೊರಗ ಬಂದ್ರ ಆಮಾ ಓಣಿ ನಾಯಿಗೋಳ ಹಣಿಗಿ ಕೆಂಪು ಟಿಕಾ ಹಚ್ಲತ್ತಿರ್ತಿದ್ರು. ನಿಮ್ಮಪ್ಪ, ಅಂದ್ರ ಕಾಕಾ, ರಾತ್ರಿ ಓಣಿ ಕಾಯ್ಕೋತ ಸೀಟಿ ಊದ್ಕೋತ, ಬಡಿಗಿ ನೆಲಕ್ಕ ಕುಟ್ಕೋತ ಹೋಗುವಾಗ ಹಿಂದ ಹೋಗ್ತಿದ್ದ ಆ ಕರಿ ನಾಯಿ ನೆನಪದೇನು, ಯಾರಿಗೂ ಮೈ ಮುಟ್ಟಗೊಡದದು ಆಮಾ ಕೊಳ್ಳಾಗ ಮಾಲಿ ಹಾಕುವಾಗ ಕಣ್ಣು ಮುಚ್ಕೊಂಡು ಸುಮ್ಮನ ಕುಂದರ್ತಿತ್ತು, ಆಮ್ಯಾಲ ದಿನಾ ಪೂರ್ತಿ ಆ ಮಾಲಿ ಹಾಕ್ಕೊಂಡೇ ಓಣಿ ತುಂಬಾ ತಿರಗ್ತಿತ್ತು. ಮೊದಲ ದಿನ ಕಾಗಿ, ಎರಡನೇ ದಿನ ನಾಯಿ, ಆಮ್ಯಾಲ ಆಕಳು ಮತ್ತ ಲಕ್ಷ್ಮಿ, ನಿಮ್ಮ ನೇಪಾಳಿ ದಿವಾಳಿ ತಿಹಾರದಾಗ ಮನುಷ್ಯಾರ ಪಾಳಿ ಆಮ್ಯಾಲೇ ಬರ್ತದ. ನಾಯಿ ಯಮನ ಬಾಗಲಾ ಕಾಯ್ತದ ಅಂತ ಆಮಾ ಹೇಳ್ತಿದ್ರು. ರಾತ್ರಿ ಪೂರ್ತಿ ಮಂದಿ ಬಾಗಲಾ ಕಾಯೋ ಮನಷಾನ ಮನಿಯಾಗ ಆ ಪೂಜಾ ಭಾಳ ಶೋಭಿಸ್ತಿತ್ತು.

ಭಾಯಿ ಟಿಕಾ ದಿನ ದೀದಿ ಹೊಸ್ತಿಲದಾಗ ಅಖ್ರೋಟ್ ಇಟ್ಟು ಕಲ್ಲಿಲೆ ಒಡ್ದು, ನಿನ್ನ ಸುತ್ತ ಎಣ್ಣಿ ಸುರ್ಕೋತ ಗೆರಿ ಹಾಕಿ ಏಳು ಬಣ್ಣದ ಟಿಕಾ ಹಚ್ತಿದ್ರು, ನನಗ ಒಡಹುಟ್ಟಿದವ್ರು ಇಲ್ಲ ಅಂತ ನಿನ್ನ ಮಗ್ಗಲದಾಗೇ ನನ್ನೂ ಕೂಡಿಸಿ ನನಗೂ ಹಚ್ಚಿದ್ರು, ಎಣ್ಣಿ ಗೆರಿ ಇಬ್ಬರ ಸುತ್ತ ಒಂದೇ. ಆಮ್ಯಾಲ ಬಿಸಿಬಿಸಿ ಸೇಲ್ ರೋಟಿ. ಅಕ್ಕಿ ಹಿಟ್ಟು ಕೈಯಾಗ ಹಿಡಿದು ಕಾದ ಎಣ್ಣಿಯಾಗ ಬಳಿಯಂಗ ದುಂಡಗ ಬಿಡೋದನ್ನ ನಮ್ಮವ್ವ ಎಷ್ಟು ಸಲ ಕಲಿಬೇಕಂತ ನೋಡಿದ್ಳೋ, ಆಮಾನ ಕೈ ಆಕಿಗಿ ಬರ್ಲೇ ಇಲ್ಲ.

ಕಾಕಾ ನಿಮ್ಮೂರು ಗುಲ್ಮಿಯಿಂದ ಬುಟವಲ್, ಗಡಿ ಮ್ಯಾಲಿನ ಸುನೌಲಿ, ಗೋರಖಪುರ ಅಂತ ಬಸ್ಸು, ರೈಲು ಬದಲಿ ಮಾಡ್ಕೋತ ಕಲಬುರಗಿಗಿ ಬಂದು ಇಷ್ಟು ವರ್ಷ ಇದ್ರಲ್ಲ, ಒಂದು ಪಾಸ್‌ಪೋರ್ಟ್ ಇಲ್ಲ, ವೀಸಾ ಇಲ್ಲ. 1950ರ ಜುಲೈ 31ಕ್ಕ ಕಾಠ್ಮಂಡುವಿನಾಗ ಸಹಿ ಆದ ಭಾರತ-ನೇಪಾಳ ಶಾಂತಿ ಮತ್ತು ಮೈತ್ರಿ ಒಪ್ಪಂದದಾಗೇ ಅದು ಬರ್ದದ, ಈ ದೇಶದವ್ರು ಆ ದೇಶದಾಗ ಇರಬಹುದು, ದುಡಿಬಹುದು, ತಿರುಗಾಡಬಹುದು. ಒಪ್ಪಂದ ಸರಿ ಇಲ್ಲ, ಬದಲಾಗಬೇಕು ಅಂತ ನಿಮ್ಮ ಕಡೆ ಮಂದಿ ಹೇಳ್ತಾರ, ಅವರ ಮಾತಿನಾಗೂ ಅರ್ಥ ಅದ, ಕುಂತು ಮಾತಾಡ್ಲಿ. ಆದ್ರ ಆ ತೆರೆದ ಬಾಗಲು ಮಾತ್ರ ಯಾರೂ ಮುಚ್ಚಬಾರದು ದೋಸ್ತ. ಅದು ಮುಚ್ಚಿದ್ರ ಏನಾಗ್ತದ ಅಂತ 2015ರಾಗ ನೋಡೀವಿ.

ಆ ವರ್ಷ ಏಪ್ರಿಲ್ 25ಕ್ಕ ಭೂಕಂಪ ಆದಾಗ ನಮ್ಮ ವಿಮಾನ ಅದೇ ದಿನ ಹೊಂಟಿದ್ವು, ಟೀವಿ ಮುಂದ ಕುಂತು ನಾ ಅತ್ತಿದ್ದೆ, ಹೆಮ್ಮಿನೂ ಆಗಿತ್ತು. ಅದೇ ವರ್ಷ ಸೆಪ್ಟೆಂಬರ್‌ನಾಗ ನಿಮ್ಮ ಹೊಸ ಸಂವಿಧಾನ ಬಂತು, ಭಾರತದ ಗಡಿಗಿ ಹತ್ತಿದ ತರಾಯಿ ಬಯಲಿನಾಗ ಗಲಾಟಿ ಆಯ್ತು, ಗಡಿಯಾಗ ಪೆಟ್ರೋಲ್, ಗ್ಯಾಸಿನ ಟ್ಯಾಂಕರ್ ನಿಂತ್ವು. ಯಾರು ನಿಲ್ಲಿಸಿದ್ರು ಅಂದ್ರ ದಿಲ್ಲಿ ಒಂದು ಹೇಳ್ತದ, ಕಾಠ್ಮಂಡು ಒಂದು ಹೇಳ್ತದ. ನನಗ ಗೊತ್ತಿರೋದು ಇಷ್ಟೇ, ಆ ತಿಹಾರಕ್ಕ ನಿಮ್ಮ ಮನ್ಯಾಗ ಅರ್ಧ ತುಂಬಿದ ಸಿಲಿಂಡರ್ ಇತ್ತು, ಆಮಾ ಕಟಗಿ ಒಲಿ ಮ್ಯಾಲ ಸೇಲ್ ರೋಟಿ ಮಾಡಿದ್ರು. ಫೋನಿನಾಗ ನೀ ನನ್ನ ಮ್ಯಾಲ ಒಂದು ಮಾತೂ ಸಿಟ್ಟು ಮಾಡ್ಲಿಲ್ಲ. ಅದನ್ನ ನಾ ಯಾವತ್ತೂ ಮರಿಯಂಗಿಲ್ಲ.

ಮುಂದಿನ ವರ್ಷ, 2016ರ ಲಕ್ಷ್ಮೀ ಪೂಜಾ ರಾತ್ರಿ ಕಾಠ್ಮಂಡುವಿನಾಗ ಕರೆಂಟ್ ಹೋಗ್ಲೇ ಇಲ್ಲ. ದಿನಕ್ಕ ಹತ್ತು ತಾಸು, ಹದಿನಾಕು ತಾಸು ಲೋಡ್‌ಶೆಡ್ಡಿಂಗ್ ಅನುಭವಿಸಿದ ಊರದು. ಇಲಾಖೆಯವರು ಲೈನ್ ಸರಿಯಾಗಿ ಹಂಚಿದ್ರು, ಜೊತಿಗಿ ಬಿಹಾರದ ಮುಜಫ್ಫರ್‌ಪುರದಿಂದ ನಿಮ್ಮ ಧಲ್ಕೇಬರ್‌ಗೆ ಹೋಗೋ ಹೊಸ ಲೈನ್‌ನಾಗ ಇಲ್ಲಿನ ಕರೆಂಟೂ ಬಂದಿತ್ತು. ಈಗ ನೋಡು, ಮಳಿಗಾಲದಾಗ ನಿಮ್ಮ ನದಿಗೋಳು ತುಂಬಿ ಹರಿದಾಗ ನಿಮ್ಮ ಕರೆಂಟೇ ಇತ್ಲಾಗ ಬರ್ತದ, ಹತ್ತು ವರ್ಷದಾಗ 10,000 ಮೆಗಾವಾಟ್ ತಗೋತೀವಿ ಅಂತ 2024ರ ಜನವರಿಯಾಗ ಒಪ್ಪಂದನೂ ಆಗ್ಯಾದ. ಬೆಳಕು ಕೊಡೋದು ತಗೋಳೋದು ಎರಡೂ ಕಡೆಯಿಂದ ಆಗ್ಲತ್ತದ ಅನ್ನೋದು ನನಗ ಯಾವ ದೊಡ್ಡೋರ ಭಾಷಣಕ್ಕಿಂತ ಖುಷಿ ಕೊಡ್ತದ.

ಖರೆ ಹೇಳ್ಬೇಕಂದ್ರ, ನಮ್ಮ ಮಂದಿ ಕಾಕಾನ ಹೆಸರು ಹಿಡಿದು ಕರೀಲೇ ಇಲ್ಲ, ಏ ಗೂರ್ಖಾ ಅಂತಲೇ ಕರಿತಿದ್ರು. ಎರಡು ದೇಶದ ದೋಸ್ತಿ ಬಗ್ಗೆ ಮಾತಾಡೋರು ಮೊದಲು ತಮ್ಮ ಅಪಾರ್ಟ್‌ಮೆಂಟಿನ ಗೇಟಿನಾಗ ಕುಂತ ಮನಷಾನ ಹೆಸರು ಕೇಳ್ಬೇಕು, ತಿಹಾರಕ್ಕ ನಾಕು ದಿನ ರಜಾ ಕೊಡ್ಬೇಕು, ಹೋಟೆಲ್ ಅಡಗಿಮನ್ಯಾಗ ದುಡಿಯೋ ಹುಡುಗರಿಗೂ ಕೊಡ್ಬೇಕು.

ಈಗ ಮುಖ್ಯ ವಿಷಯ. ಮುಂದಿನ ತಿಹಾರಕ್ಕ ನಾ ಬುಟವಲ್‌ಗೆ ಬರ್ತೀನಿ, ಅವ್ವನೂ ಬರ್ತೀನಿ ಅಂತಾಳ. ಲುಂಬಿನಿ ನಿಮ್ಮ ಜಿಲ್ಲಾದಾಗೇ ಅದಲ್ಲ, ಬುದ್ಧ ಹುಟ್ಟಿದ್ದು ಇಲ್ಲೇ ಅಂತ ಅಶೋಕ ಕೆತ್ತಿಸಿದ ಕಂಬ ನೋಡ್ಬೇಕು. ಆಮ್ಯಾಲ ನೀ ಇಲ್ಲಿಗಿ ಬಾ, ಭೀಮಾ ದಂಡಿ ಮ್ಯಾಲಿನ ಸನ್ನತಿಗಿ ಹೋಗೋಣ, ಅಲ್ಲಿ 1986ರಾಗ ಗುಡಿ ಛತ್ತು ಬಿದ್ದಾಗ ಅದೇ ಅಶೋಕನ ಶಾಸನ ಸಿಕ್ಕದ, ಮಗ್ಗಲದ ಕನಗನಹಳ್ಳಿಯಾಗ ರಾಣಿಯರ ಜೊತಿ ನಿಂತ ಅವನ ಶಿಲ್ಪನೂ ಅದ, ಕೆಳಗ ಅವನ ಹೆಸರು ಬರ್ದದ. ಸಾಲಿಯಾಗ ಇದ್ದಾಗ ಇಬ್ಬರೂ ಇಷ್ಟು ಹತ್ರ ಇದ್ದು ನೋಡ್ಲಿಲ್ಲ.

ದೀದಿಗ ನಮಸ್ಕಾರ ಹೇಳು, ಅಖ್ರೋಟ್ ನಾನೇ ತರ್ತೀನಿ. ಗೋರಖಪುರದಾಗ ಇಳಿದು ಸುನೌಲಿಗೆ ಬಸ್ಸು ಛಲೋನೋ ಜೀಪು ಛಲೋನೋ, ಅವ್ವಗ ಭಾಳ ಹೊತ್ತು ಕುಂದರ್ಲಾಕ ಆಗಂಗಿಲ್ಲ, ಅದೊಂದು ತಿಳ್ಕೊಂಡು ಬರಿ.

ನಿನ್ನ
ಕಲಬುರಗಿ ದೋಸ್ತ